ಚುಕ್ಕಿ ಕೋಳಿ ಸತ್ತ ಜಾಡು ಹಿಡಿದು

ಸೋಮವಾರ ಬೆಳಿಗ್ಗೆ ನಾನು ಬೀಗ ತೆಗೆಯುವ ಹೊತ್ತಿಗೆ ಪಶು ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದರು. ವಯಸ್ಸು ಐವತ್ತರ ಆಸುಪಾಸು. ಪಕ್ಕದಲ್ಲಿ ಯೂರಿಯಾದ ಖಾಲಿ ಚೀಲ, ಅದರ ಬಾಯಿಗೆ ಬಾಳೆನಾರಿನ ಕಟ್ಟು. ಕರುವಿಗೆ ಜಂತುಹುಳುವಿನ ಔಷಧಿ ಕೇಳಲು ಬಂದವರ ಮುಖ ಹಾಗಿರುವುದಿಲ್ಲ. ನನ್ನನ್ನು ಕಂಡವರೇ ಎದ್ದು, ಚೀಲ ಬಿಚ್ಚಿ, ಸತ್ತ ಹೇಂಟೆಯೊಂದನ್ನು ಮೆಟ್ಟಿಲ ಮೇಲೆ ಮಲಗಿಸಿದರು.

“ಡಾಕ್ಟ್ರಮ್ಮ, ನನ್ ಚುಕ್ಕಿಗೆ ವಿಸ ಆಕವ್ರೆ. ಕುಯ್ದು ನೋಡಿ, ವಿಸ ಅಂತ ಒಂದು ಚೀಟಿ ಬರ್ಕೊಡಿ. ಇವತ್ತೇ ಟೇಸನ್‌ಗೆ ಓಯ್ತೀನಿ.”

ಭಾರತೀನಗರದಿಂದ ಮಳವಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ನಾಲೆಯ ಮಗ್ಗುಲಿನ ಊರು ಅವರದು. ಕೋಳಿ ಕಪ್ಪು, ಮೈತುಂಬ ಬಿಳಿ ಚುಕ್ಕಿ. ಮೂರು ವರ್ಷದಿಂದ ಆ ಹಿತ್ತಲನ್ನು ಆಳಿದ ಕೋಳಿಯಂತೆ. ಯಾರ ಮನೆಯ ಮೊಟ್ಟೆ ಇಟ್ಟರೂ ಕಾವಿಗೆ ಕೂರುತ್ತಿತ್ತು, ಹದ್ದು ಇಳಿದರೆ ಎದುರಿಗೇ ಹಾರುತ್ತಿತ್ತು. ಅದು ಎಬ್ಬಿಸಿದ ಮರಿಗಳು ಬೀದಿಯ ಅರ್ಧ ಮನೆಗಳಲ್ಲಿದ್ದವು. ಇದನ್ನೆಲ್ಲ ಅವರು ಹೇಳಿದ್ದು ಅಳುತ್ತಾ ಅಲ್ಲ, ಬೈಯುತ್ತಾ.

“ಯಾರು ಹಾಕಿದ್ದು ಅಂತೀರಿ?” ಎಂದೆ.

“ಇನ್ಯಾರು, ನಮ್ಮ ಮೈದ. ಗಂಡನ ಚಿಕ್ಕಪ್ಪನ ಮಗ, ಗೋಡೆ ಪಕ್ದಲ್ಲೇ ಅವ್ನೆ. ಸೊಪ್ಪಿನ ಮಡಿಗೆ ಕೋಳಿ ನುಗ್ತದೆ ಅಂತ ಓದ್ವಾರ ಊರೆಲ್ಲ ಕೇಳೋ ಅಂಗೆ ಕೂಗವ್ನೆ, ಇನ್ನೊಂದ್ಸಲ ಬಂದ್ರೆ ಔಸ್ದಿ ಮಡಗ್ತೀನಿ ಅಂತ. ಮಡಗೇಬುಟ್ಟ.”

ನಮ್ಮ ಕಡೆ ಔಷಧಿ ಎಂದರೆ ಬದುಕಿಸುವುದೂ ಹೌದು, ಬೆಳೆಗೆ ಹೊಡೆಯುವ ವಿಷವೂ ಹೌದು. ಯಾವ ಔಷಧಿ ಎಂದು ಬಿಡಿಸಿ ಕೇಳುವ ಅಗತ್ಯ ಇರಲಿಲ್ಲ.

ಆಸ್ಪತ್ರೆಯ ಹಿಂದೆ ಹೊಂಗೆ ಮರದ ಕೆಳಗೆ ಒಂದು ಕಲ್ಲುಚಪ್ಪಡಿ ಇದೆ. ಶವಪರೀಕ್ಷೆ ಮಾಡುವುದು ಅಲ್ಲಿ. ನಾನು ಕೈಗವಸು, ಮಾಸ್ಕ್ ಹಾಕಿಕೊಂಡೆ. ನಮ್ಮ ಪಶುವೈದ್ಯ ಪರೀಕ್ಷಕರು ಬಕೆಟ್ಟಿನಲ್ಲಿ ಸೋಂಕುನಾಶಕ ಬೆರೆಸಿದ ನೀರು ತಂದರು. ನಿವೃತ್ತಿಯ ಅಂಚಿನಲ್ಲಿರುವ ಮನುಷ್ಯ, ಈ ಸುತ್ತಿನ ಪ್ರತಿ ಕೊಟ್ಟಿಗೆಯನ್ನೂ ಬಲ್ಲವರು. ಕೋಳಿಯನ್ನು ನೀರಿನಲ್ಲಿ ಅದ್ದಿದೆ. ಪುಕ್ಕ, ಧೂಳು ಹಾರಿ ಮೂಗಿಗೆ ಹೋಗಬಾರದೆಂದು ಹಾಗೆ ಮಾಡುತ್ತೇವೆ. ಎದೆಗೆ ಕೈ ಹಾಕಿದೊಡನೆ ಪುಕ್ಕ ಹಿಡಿಹಿಡಿಯಾಗಿ ಕಿತ್ತು ಬಂತು. ನೆನೆದದ್ದಕ್ಕೆ ಇರಬೇಕು ಅಂದುಕೊಂಡು ಮುಂದೆ ಹೋದೆ. ಆ ದಿನ ನಾನು ಮಾಡಿದ ದೊಡ್ಡ ತಪ್ಪು ಅದು.

ಕೋಳಿಯ ಯಜಮಾನಿ ದೂರ ಹೋಗಲು ಒಪ್ಪಲಿಲ್ಲ. “ನನ್ ಕೋಳಿ, ನಾನು ನೋಡ್ಬೇಕು” ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು. ತೊಡೆಯ ಕೀಲು ಬಿಡಿಸಿ, ಚರ್ಮ ಸೀಳಿ, ಎದೆಮೂಳೆ ಎತ್ತಿದೆ. ಒಳಗೆ ಎಲ್ಲ ಅಚ್ಚುಕಟ್ಟು. ಲಿವರಿನ ಬಣ್ಣ ಸರಿಯಾಗಿತ್ತು. ಶ್ವಾಸನಾಳ ಉದ್ದಕ್ಕೆ ಸೀಳಿ ನೋಡಿದೆ, ಲೋಳೆ ಇಲ್ಲ, ರಕ್ತ ಇಲ್ಲ. ಕೊಕ್ಕರೆ ರೋಗವಾಗಿದ್ದರೆ ಕಾಳು ಅರೆಯುವ ಕಂದನಕಾಯಿಯ ಮೇಲಿನ ಸಣ್ಣ ಹೊಟ್ಟೆಯ ಗೋಡೆಯಲ್ಲಿ ಕೆಂಪು ಚುಕ್ಕೆಗಳಿರಬೇಕು, ಇರಲಿಲ್ಲ. ಕೀಟನಾಶಕವಾಗಿದ್ದರೆ ಕತ್ತಿನ ಬುಡದ ಕಾಳಿನ ಚೀಲ ತೆರೆದೊಡನೆ ಘಾಟು ಮೂಗಿಗೆ ಹೊಡೆಯಬೇಕು. ತೆರೆದೆ. ರಾಗಿ ಕಾಳು, ಒಂದು ಚೂರು ಮುದ್ದೆ, ನೆಲ್ಲಕ್ಕಿಯಂಥ ಏಳೆಂಟು ಬಿಳಿ ಹುಳುಗಳು. ಹಳಸಿದ ವಾಸನೆ ಬಿಟ್ಟರೆ ಮತ್ತೇನಿಲ್ಲ. ಕೋಳಿ ಹುಳು ತಿನ್ನುವುದು ಲೋಕಾರೂಢಿ. ಅದನ್ನೊಂದು ಸಣ್ಣ ಡಬ್ಬಿಗೆ ತುಂಬಿ ಪಕ್ಕಕ್ಕಿಟ್ಟೆ.

ಕೊನೆಗೆ ಮೊಟ್ಟೆಯ ನಾಳ ಬಿಡಿಸಿದಾಗ ಪೂರ್ತಿ ಚಿಪ್ಪು ಕಟ್ಟಿದ ಒಂದು ಮೊಟ್ಟೆ ಕೈಗೆ ಬಂತು. ಒಂದೆರಡು ಗಂಟೆ ಬದುಕಿದ್ದರೆ ಇಟ್ಟುಬಿಡುತ್ತಿತ್ತು. ಅಲ್ಲಿಯವರೆಗೆ ಬೈಯುತ್ತಲೇ ಇದ್ದ ಯಜಮಾನಿ ಆ ಮೊಟ್ಟೆ ನೋಡಿ ಬೈಯುವುದು ಬಿಟ್ಟು ಹತ್ತಿರ ಬಗ್ಗಿದರು.

“ವಿಸ ತಾನೆ?” ಎಂದರು.

“ಗೊತ್ತಾಗ್ತಿಲ್ಲ ಅಕ್ಕ.”

“ಅಷ್ಟೆಲ್ಲ ಓದಿ, ಅದ್ರ ಒಟ್ಟೆನೆಲ್ಲ ಬಗ್ದು, ಗೊತ್ತಾಯ್ತಿಲ್ಲ ಅಂತೀರಲ್ಲ?”

ಪರೀಕ್ಷಕರು ನನ್ನನ್ನು ಒಳಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: “ಮೇಡಂ, ಹೃದಯಾಘಾತ ಅಂತ ಬರ್ದು ಬುಡಿ. ಕೋಳಿ ಎಂಗೂ ಸತ್ತದೆ, ಜಗಳನೂ ಸಾಯ್ಲಿ.”

ಪೆನ್ನು ತೆಗೆದಿದ್ದೆ ಕೂಡ. ಒಂದು ಸಾಲು ಬರೆದರೆ ಅಣ್ಣತಮ್ಮಂದಿರ ಎರಡು ಮನೆ ಪೊಲೀಸ್ ಠಾಣೆಯ ಕಟ್ಟೆ ಹತ್ತುವುದು ತಪ್ಪುತ್ತದೆ. ಆದರೆ ಆ ಹೃದಯವನ್ನು ನಾನೇ ಸೀಳಿ ನೋಡಿದ್ದೆ, ಅದರಲ್ಲಿ ಏನೂ ಆಗಿರಲಿಲ್ಲ. ‘ಸಾವಿನ ಕಾರಣ: ತಿಳಿದಿಲ್ಲ’ ಎಂದು ಬರೆದು ಸಹಿ ಹಾಕಿದೆ. ಯಜಮಾನಿ ಆ ಚೀಟಿ ಮುಟ್ಟಲೇ ಇಲ್ಲ. ಬಸ್ಸಿಗೆ ಹೊರಟವರು ಗೇಟಿನ ಬಳಿ ನಿಂತು, “ಅವ್ನ ಕೈಲೇ ಒಪ್ಪುಸ್ತೀನಿ ಬುಡಿ” ಎಂದರು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಯಜಮಾನಿಯ ಫೋನು.

“ಡಾಕ್ಟ್ರಮ್ಮ, ಇನ್ನೂ ಮೂರು ಬಿದ್ದೋಗವೆ. ಇದು ಯಾವುದೋ ಜ್ವರ ಅಂತಾವ್ರೆ. ಬೇಗ ಬನ್ನಿ.”

ನಾನೂ ಪರೀಕ್ಷಕರೂ ಬೈಕಿನಲ್ಲಿ ಹೊರಟೆವು. ಊರ ಮುಂದಿನ ಬಸ್ ನಿಲ್ದಾಣದಲ್ಲೇ ನಿಲ್ಲಬೇಕಾಯಿತು. ಐದಾರು ಹೆಂಗಸರು ಮಂಕರಿಗಳಲ್ಲಿ ಕೋಳಿ ತುಂಬಿ, ಮೇಲೆ ಹಳೇ ಸೀರೆ ಕಟ್ಟಿಕೊಂಡು ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದರು. ಹಕ್ಕಿಜ್ವರ ಬಂದಿದೆ, ಸರ್ಕಾರದವರು ಬಂದು ಊರಿನ ಕೋಳಿಗಳನ್ನೆಲ್ಲ ಕೊಂದು ಹೂಳುತ್ತಾರೆ ಎಂದು ಬೆಳಗಾಗುವುದರೊಳಗೆ ಸುದ್ದಿ ಹಬ್ಬಿತ್ತು. ಅಷ್ಟರೊಳಗೆ ಮಾರಿಬಿಡುವ ಆತುರ. ನಿಜವಾಗಿಯೂ ಅದು ಹಕ್ಕಿಜ್ವರವಾಗಿದ್ದರೆ ಆ ಮಂಕರಿಗಳು ಸಂಜೆಯೊಳಗೆ ರೋಗವನ್ನು ಮಳವಳ್ಳಿ ತಾಲ್ಲೂಕಿಗೆಲ್ಲ ಹಂಚುತ್ತಿದ್ದವು. ಬೈಕಿಳಿದು ಕೈಮುಗಿದೆ.

“ಸಂಜೆವರೆಗೆ ಟೈಮ್ ಕೊಡಿ. ಒಂದು ಕೋಳಿನೂ ಊರು ಬಿಟ್ಟು ಹೋಗೋದು ಬೇಡ.”

“ಸಂದೆಗೆ ಏನೇಳ್ತೀರಿ?” ಎಂದಳು ಒಬ್ಬಳು.

“ಏನಾಗಿದೆ ಅಂತ ಹೇಳ್ತೀನಿ.”

ಹೇಳಿಬಿಟ್ಟೆ. ಹೇಗೆ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಹಿತ್ತಲಿನಲ್ಲಿ ಮೂರು ಕೋಳಿಗಳು ನೆಲಕ್ಕೆ ಅಂಟಿಕೊಂಡು ಕೂತಿದ್ದವು. ಒಂದರ ಕತ್ತು ಒದ್ದೆ ಬಟ್ಟೆಯಂತೆ ಮುಂದಕ್ಕೆ ಬಿದ್ದು ಕೊಕ್ಕು ಮಣ್ಣಿಗೆ ತಾಗಿತ್ತು. ಕಣ್ಣು ಅರೆಮುಚ್ಚಿದ್ದರೂ ಪ್ರಾಣ ಗಟ್ಟಿಯಿತ್ತು. ನನ್ನ ನೆರಳು ಬಿದ್ದಾಗ ಓಡಲು ನೋಡಿತು, ಕಾಲು ಬರಲಿಲ್ಲ. ಅಷ್ಟರಲ್ಲಿ ಗೋಡೆಯಾಚೆಯಿಂದ ಮೈದುನ ಬಂದ. ಆಪಾದನೆ ಹೊತ್ತ ಆಸಾಮಿ. ಕಂಕುಳಲ್ಲಿ ಅವನದೇ ಒಂದು ಕೆಂಪು ಹೇಂಟೆ, ಅದರ ಕತ್ತೂ ಜೋತು ಬಿದ್ದಿತ್ತು.

“ಮೇಡಂ, ನಮ್ದೂ ಒಂದು ಬಿದ್ದದೆ. ವಿಸ ಮಡಗೋನು ನಾನಾಗಿದ್ರೆ ನನ್ ಕೋಳಿಗೂ ಮಡಗ್ತಿದ್ನಾ? ವಸಿ ಕೇಳಿ ನಮ್ಮ ಅತ್ಗೇನ.”

“ಅನ್ಮಾನ ಬರ್ದೆ ಇರ್ಲಿ ಅಂತ ಮಡಗವ್ನೆ ಕಣಮ್ಮ! ನಂಗೊತ್ತಿಲ್ವಾ ಇವ್ನ ಬುದ್ದಿ?”

ನೋಡಲು ಬಂದು ಗೋಡೆಯ ಮೇಲೆ ಕೂತಿದ್ದ ಬೀದಿಯವರೆಲ್ಲ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಮೈದುನ ಮಾತ್ರ ನಗಲಿಲ್ಲ. ಹಿಂದಿನ ದಿನದಿಂದ ಬೀದಿಯಲ್ಲಿ ಯಾರೂ ಅವನ ಮನೆಗೆ ಕಾಲಿಟ್ಟಿರಲಿಲ್ಲ. ಅವನು ಬೆಳೆದ ಸೊಪ್ಪನ್ನೂ ಯಾರೂ ಕೊಂಡಿರಲಿಲ್ಲ.

ಮದ್ದೂರಿನ ಮೇಲಧಿಕಾರಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಮಾದರಿ ಕಳಿಸಿ, ಕೋಳಿಗಳನ್ನೆಲ್ಲ ಕೂಡಿಹಾಕಿಸಿ, ಸಂಜೆ ನಿಮ್ಮ ಅಭಿಪ್ರಾಯ ತಿಳಿಸಿ ಎಂದರು. ಗಂಟಲಿನಿಂದಲೂ ಹಿಂಭಾಗದಿಂದಲೂ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು, ಐಸ್ ಡಬ್ಬಿಗೆ ಹಾಕಿ, ಪರೀಕ್ಷಕರ ಕೈಗೆ ಕೊಟ್ಟು ಮದ್ದೂರಿಗೆ ಕಳಿಸಿದೆ. ಅದು ಬೆಂಗಳೂರಿನ ಪ್ರಯೋಗಾಲಯ ಸೇರಿ ಫಲಿತಾಂಶ ಬರುವುದಕ್ಕೆ ದಿನಗಳು ಬೇಕು. ಬಸ್ ನಿಲ್ದಾಣದ ಹೆಂಗಸರು ಕಾಯುವುದು ಸಂಜೆಯವರೆಗೆ ಮಾತ್ರ.

ಹಿಂದಿನ ದಿನ ನಾನು ಕೇಳಿದ್ದು ‘ಯಾರು’ ಎಂದು. ಕೇಳಬೇಕಾದದ್ದು ಬೇರೆ. ಯಜಮಾನಿಯನ್ನು ಜಗುಲಿಯ ಮೇಲೆ ಕೂರಿಸಿ ಹೊಸದಾಗಿ ಶುರು ಮಾಡಿದೆ.

“ಅಕ್ಕ, ಮೈದುನನ್ನ ಒಂದು ಗಳಿಗೆ ಮರೀರಿ. ಸಾಯೋ ಮುಂಚೆ ಚುಕ್ಕಿ ಏನೇನು ಮಾಡ್ತು, ಅದನ್ನ ಹೇಳಿ.”

“ಏನ್ಮಾಡ್ತದೆ, ಚೆನ್ನಾಗೇ ಇತ್ತು. ಒತ್ತಾರೆ ಎದ್ದು ನೋಡಿದ್ರೆ ಸತ್ತೋಗಿತ್ತು.”

“ಹಿಂದಿನ ಸಂಜೆ ಗೂಡಿಗೆ ತಾನಾಗೇ ಹತ್ತಿತಾ?”

“ಇಲ್ಲ… ಅತ್ನಿಲ್ಲ. ಏಣಿ ಮೆಟ್ಲತ್ರ ನಿಂತಿತ್ತು. ನಾನೇ ಎತ್ತಿ ಮಡಗ್ದೆ. ಕಣ್ ಮುಚ್ಕಂಡು ಮುಚ್ಕಂಡು ತೆಗೀತಿತ್ತು. ಬಿಸ್ಲಿಗೆ ಸುಸ್ತಾಗದೆ ಅನ್ಕಂಡೆ.”

“ನಿನ್ನೆ ಇದನ್ನ ಯಾಕೆ ಹೇಳಲಿಲ್ಲ?”

“ನೀವು ಕೇಳ್ನಿಲ್ವಲ್ಲ. ನಂಗೂ ವಿಸ ಅಂತ್ಲೇ ತಲೇಲಿತ್ತು.”

ಹಾಗಾದರೆ ಚುಕ್ಕಿ ದಿಢೀರನೆ ಸತ್ತಿರಲಿಲ್ಲ. ಮೊದಲು ಕಾಲು ಸೋತಿತ್ತು, ಆಮೇಲೆ ರೆಪ್ಪೆ, ಆಮೇಲೆ ಕತ್ತು. ಬಿದ್ದಿದ್ದ ಕೋಳಿಗಳಲ್ಲಿ ಒಂದನ್ನು ಎತ್ತಿ ಮಡಿಲಿಗೆ ಹಾಕಿಕೊಂಡೆ. ಕೈಗವಸಿಗೆ ಒಂದು ಹಿಡಿ ಪುಕ್ಕ ಅಂಟಿಕೊಂಡು ಬಂತು. ಒಣ ಪುಕ್ಕ. ನೀರು ಸೋಕಿಸಿರಲಿಲ್ಲ.

ಸೋಮವಾರದ ಬಕೆಟ್ಟು ಕಣ್ಣ ಮುಂದೆ ಬಂತು. ಗೂಡಿನಲ್ಲಿದ್ದ ಗಟ್ಟಿಮುಟ್ಟಾದ ಒಂದು ಕೋಳಿ ಹಿಡಿಸಿ ಅದರ ಪುಕ್ಕ ಎಳೆದು ನೋಡಿದೆ. ಬರಲಿಲ್ಲ, ಬದಲಿಗೆ ನನ್ನ ಕೈಗೆ ಕುಕ್ಕಿತು. ಬಿದ್ದಿದ್ದ ನಾಲ್ಕರಲ್ಲಿ ಮೂರರ ಪುಕ್ಕ ಮುಟ್ಟಿದರೆ ಕಳಚುತ್ತಿತ್ತು. ಕಾಲೇಜಿನಲ್ಲಿ ಒಂದೇ ಪುಟದಲ್ಲಿ ಓದಿ ಪರೀಕ್ಷೆಗೆ ಬರೆದು ಮರೆತಿದ್ದ ರೋಗ. ಕಣ್ಣಾರೆ ಎಂದೂ ಕಂಡಿರಲಿಲ್ಲ. ಬಾಟ್ಯುಲಿಸಂ. ಸತ್ತು ಕೊಳೆತ ಮಾಂಸದಲ್ಲಿ, ಗಾಳಿಯಾಡದ ಕಡೆ, ಒಂದು ಸೂಕ್ಷ್ಮಜೀವಿ ವಿಷ ಕಟ್ಟುತ್ತದೆ. ಆ ಮಾಂಸ ತಿಂದ ಹುಳುವಿಗೆ ಏನೂ ಆಗುವುದಿಲ್ಲ. ಹುಳು ತಿಂದ ಕೋಳಿಗೆ ನರ ಸೋಲುತ್ತದೆ. ಕಾಲಿನಿಂದ ಶುರುವಾಗಿ ಕತ್ತಿಗೆ ಬಂದು ಕೊನೆಗೆ ಉಸಿರು ನಿಲ್ಲುತ್ತದೆ. ಹೊಟ್ಟೆ ಬಗೆದು ನೋಡಿದರೆ ಎಲ್ಲ ಅಚ್ಚುಕಟ್ಟಾಗಿರುತ್ತದೆ.

ಇಷ್ಟು ಹೊಳೆದ ಮೇಲೆ ಕಾಯುವಂತಿರಲಿಲ್ಲ. ಹೊಟ್ಟೆಯಲ್ಲಿ ಉಳಿದದ್ದನ್ನು ಮೊದಲು ಹೊರಗೆ ತಳ್ಳಬೇಕು. ಅದಕ್ಕೆ ಭೇದಿ ಮಾಡಿಸುವ ಉಪ್ಪು ನನ್ನ ಚೀಲದಲ್ಲಿತ್ತು. ಗಟ್ಟಿ ಬೆಲ್ಲದ ನೀರೂ ಅದೇ ಕೆಲಸ ಮಾಡುತ್ತದೆ.

“ಬೆಲ್ಲ ಬೇಕು, ನೀರಾಗಿ ಕರಗಿಸ್ಬೇಕು” ಎಂದೆ.

“ಬೆಲ್ಲಕ್ಕೇನು ಬರ” ಎಂದು ಮೈದುನ ಗೋಡೆ ಹಾರಿದ. ಎರಡು ಅಚ್ಚು ತಂದು, ಕುಟ್ಟಿ, ಬಿಸಿನೀರಿಗೆ ಹಾಕಿ, ತಣಿಸಿ, ಅವನ ಹೆಂಡತಿಯ ಸೀರೆ ತುಂಡಿನಲ್ಲಿ ಸೋಸಿದ. ಕತ್ತು ಸೋತ ಕೋಳಿಗೆ ಕುಡಿಸುವುದು ಸುಲಭವಲ್ಲ. ನುಂಗಲು ಬರುವುದಿಲ್ಲ, ಒಂದು ಹನಿ ಶ್ವಾಸನಾಳಕ್ಕೆ ಇಳಿದರೂ ನಾವೇ ಕೊಂದಂತೆ. ಸಿರಿಂಜಿಗೆ ಮೆತ್ತನೆಯ ಸಣ್ಣ ಕೊಳವೆ ಸಿಕ್ಕಿಸಿ, ನಾಲಿಗೆಯ ಬಲಪಕ್ಕದಿಂದ ಜಾರಿಸಿ, ಕಾಳಿನ ಚೀಲ ಮುಟ್ಟಿತೆಂದು ಬೆರಳಿನಲ್ಲಿ ತಡವಿ ನೋಡಿದ ಮೇಲೆ ಔಷಧಿ ಬಿಟ್ಟೆ. ಯಜಮಾನಿ ತಲೆ ಹಿಡಿದರು, ಮೈದುನ ಮೈ ಹಿಡಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಕೋಳಿ ಹಿಡಿದಿದ್ದರು.

ಮೈದುನನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು: “ಮೇಡಂ, ಸಾಯೋದೇ ಆದ್ರೆ ಅದ್ಕೂ ಮುಂಚೆ ಕುಯ್ದು ಸಾರು ಮಾಡ್ಬೌದಾ?”

“ಮುಟ್ಟಬೇಡ ತಾಯಿ. ಸತ್ತರೆ ಸುಣ್ಣ ಹಾಕಿ ಆಳಕ್ಕೆ ಹೂಳೋದೇ.”

ಈಗ ಹುಳು ಎಲ್ಲಿಂದ ಬಂತೆಂದು ಹುಡುಕಬೇಕು. ಎಲ್ಲರೂ ತಿಪ್ಪೆ ತೋರಿಸಿದರು. ಮೈದುನ ಗುದ್ದಲಿ ತಂದ. ಒಂದು ಗಂಟೆ ಅಗೆದೆವು. ಸಿಕ್ಕಿದ್ದು ಬೆರಳು ಗಾತ್ರದ ಗೊಬ್ಬರದ ಹುಳು; ಚುಕ್ಕಿಯ ಹೊಟ್ಟೆಯಲ್ಲಿದ್ದದ್ದು ಅದಲ್ಲ. ಸತ್ತ ನಾಯಿ, ಹೆಗ್ಗಣ ಏನಾದರೂ ಇದೆಯೇ ಎಂದು ಹುಲ್ಲಿನ ಮೆದೆಯ ಹಿಂದೆ, ಪಕ್ಕದ ಕಬ್ಬಿನ ಗದ್ದೆಯ ಅಂಚಿನಲ್ಲಿ, ಹಾಳು ಕೊಟ್ಟಿಗೆಯಲ್ಲಿ ನೋಡಿದೆವು. ಎಲ್ಲೂ ಇಲ್ಲ. ಗಂಟೆ ಎರಡು ದಾಟಿತು. ಗೋಡೆಯ ಮೇಲಿದ್ದ ಜನ ಒಬ್ಬೊಬ್ಬರೇ ಇಳಿದು ಹೋದರು. ಹೋಗುವಾಗ ಒಬ್ಬರು “ಉಳ ತಿಂದು ಕೋಳಿ ಸಾಯ್ತದಂತೆ” ಎಂದು ನನಗೆ ಕೇಳುವ ಹಾಗೆಯೇ ಹೇಳಿದರು.

ಬಾವಿಕಟ್ಟೆಯ ಮೇಲೆ ಕೂತು ನೀರು ಕುಡಿದೆ. ಗೂಡಿನಲ್ಲಿ ಬೆಳಗಿನಿಂದ ಕೂಡಿಹಾಕಿದ್ದ ಆರು ಆರೋಗ್ಯವಂತ ಕೋಳಿಗಳು ಹಸಿವಿಗೆ ಗಲಾಟೆ ಮಾಡುತ್ತಿದ್ದವು. ಆಗ ಅನ್ನಿಸಿತು. ನಾವು ಮನುಷ್ಯರು ಹೋಗುವ ಜಾಗಗಳಲ್ಲಿ ಹುಡುಕುತ್ತಿದ್ದೇವೆ. ಕೋಳಿ ಎಲ್ಲಿಗೆ ಹೋಗುತ್ತದೆಂದು ಗೊತ್ತಿರುವುದು ಕೋಳಿಗೆ.

ಬಿಡುವುದು ತಪ್ಪಿರಬಹುದು. ಕೂಡಿಹಾಕಿಸಿ ಎಂದು ಮೇಲಿನವರೇ ಹೇಳಿದ್ದರು. ನಾನು ಊಹಿಸಿದ್ದು ಸುಳ್ಳಾಗಿ ಅದು ನಿಜಕ್ಕೂ ಹಕ್ಕಿಜ್ವರವಾಗಿದ್ದರೆ, ರೋಗದ ಹಿತ್ತಲಿನಿಂದ ಕೈಯಾರೆ ಕೋಳಿ ಬಿಟ್ಟವಳು ನಾನೇ ಆಗುತ್ತೇನೆ. ಆದರೆ ಯಾವ ಕೋಳಿಯ ಮುಖವೂ ಊದಿರಲಿಲ್ಲ, ಜುಟ್ಟು ನೀಲಿಗಟ್ಟಿರಲಿಲ್ಲ, ಕೆಮ್ಮಿರಲಿಲ್ಲ. ಮದ್ದೂರಿಗೆ ಮತ್ತೆ ಫೋನು ಮಾಡಿದೆ. ಗೂಡಿನ ಕೋಳಿ ಬಿಟ್ಟು ಅವುಗಳ ಹಿಂದೆ ಹೋಗುತ್ತೇನೆ ಎಂದೆ. “ಕಣ್ಣಳತೆ ಬಿಟ್ಟು ಹೋಗಬಾರದು, ಬೇರೆಯವರ ಕೋಳಿ ಹತ್ತಿರ ಸುಳಿಯಬಾರದು. ಆದದ್ದಕ್ಕೆ ಹೊಣೆ ನಿಮ್ಮದು” ಎಂದರು.

“ನಂದೇ ಸರ್” ಎಂದೆ.

ಬೀದಿಯ ಮನೆಗಳಿಗೆಲ್ಲ ಹೇಳಿಸಿ ಅವರವರ ಕೋಳಿ ಒಳಗೆ ಹಾಕಿಸಿದೆ. ಮೂರು ಗಂಟೆಗೆ ಗೂಡಿನ ಬಾಗಿಲು ತೆಗೆದೆವು. ಮುಂದೆ ಬಂದದ್ದು ಚುಕ್ಕಿಯ ಮಗಳು, ಕಂದು ಬಣ್ಣದ ಹೇಂಟೆ. ಒಂದು ಸಲ ಮೈ ಕೊಡವಿ, ತಿಪ್ಪೆಯ ಕಡೆ ತಿರುಗಿಯೂ ನೋಡದೆ ನೇರವಾಗಿ ಗೋಡೆಯ ಬುಡಕ್ಕೆ ನಡೆಯಿತು. ಅಲ್ಲಿ ಕಲ್ಲು ಜಾರಿದ ಒಂದು ಕಿಂಡಿ. ಅದರಲ್ಲಿ ನುಸುಳಿತು. ಉಳಿದ ಐದೂ ಹಿಂದೆಯೇ. ನಾವು ಮೂವರು ಸುತ್ತು ಹಾಕಿ ಓಡಿದೆವು.

ಕಿಂಡಿಯ ಆಚೆ ಮೈದುನನ ಸೊಪ್ಪಿನ ಮಡಿ. ಕೊತ್ತಂಬರಿ, ದಂಟು, ಆಗ ತಾನೇ ಮೊಳೆತ ಮೆಂತ್ಯ. ಅವನ ಕೈ ಅಭ್ಯಾಸಬಲದಿಂದ ಕಲ್ಲಿಗೆ ಬಗ್ಗಿತು. ನಾನು ನೋಡಿದೆ. ಎದ್ದು ನಿಂತು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

“ತುಳೀಲಿ ಬುಡಿ ಮೇಡಂ, ಇವತ್ತೊಂದಿನ.”

ಕೋಳಿಗಳು ಮಡಿಯಲ್ಲಿ ನಿಲ್ಲಲಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೊಕ್ಕು ಹಾಕಿದ್ದು ಬಿಟ್ಟರೆ ಸಾಲು ಹಿಡಿದು ಸೀದಾ ದಾಟಿದವು. ಮೈದುನ ಬಾಯಿ ಬಿಟ್ಟುಕೊಂಡು ನೋಡಿದ. “ಅಲ್ಲಾ, ಇವು ಸೊಪ್ಪು ತಿನ್ನಕೆ ಬತ್ತಾನೇ ಇರ್ನಿಲ್ಲ ಕನತ್ಗೆ. ನನ್ ಮಡೀನ ದಾರಿ ಮಾಡ್ಕಂಡಿದ್ವು!”

ಆ ದಿನ ಅವನು ಅತ್ತಿಗೆಯೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಅದು. “ಸುಮ್ಕೆ ನಡಿಲಾ, ಕೋಳಿ ತಪ್ಪೋದಾವು” ಎಂದರು ಅವರು.

ಮಡಿ ಮುಗಿದರೆ ಬೇಲಿ, ಬೇಲಿಯ ಆಚೆ ಕಿರುಗಾಲುವೆ. ಕೆಲವು ದಿನ ನೀರು ಬಿಟ್ಟು ಕೆಲವು ದಿನ ತಡೆಯುವ ಕಟ್ಟಿನ ಲೆಕ್ಕದಲ್ಲಿ ನಾಲೆಯ ನೀರು ನಿಂತು ಎರಡು ವಾರವಾಗಿತ್ತು. ಕಾಲುವೆ ಒಣಗಿ ಬಿರುಕು ಬಿಟ್ಟಿತ್ತು. ಗದ್ದೆಗೆ ನೀರು ಹಾಯಿಸುವ ತೂಬಿನ ಕೆಳಗೆ ಮಾತ್ರ, ನೀರು ವರ್ಷಾನುಗಟ್ಟಲೆ ಬಿದ್ದೂ ಬಿದ್ದೂ ಕೊರೆದ ಒಂದು ಗುಂಡಿ, ಮೇಲೆ ಜೊಂಡು ಬಾಗಿ ಮುಚ್ಚಿತ್ತು. ಕಂದು ಹೇಂಟೆ ರೆಕ್ಕೆ ಬಿಚ್ಚಿ ಓಡಿದ್ದು ಅಲ್ಲಿಗೇ.

ಜೊಂಡು ಸರಿಸಿದೆ. ವಾಸನೆ ಮುಖಕ್ಕೆ ಹೊಡೆಯಿತು. ನೀರು ನಿಂತಾಗ ಹೊರಗೆ ಹೋಗಲಾರದೆ ಸಿಕ್ಕಿಕೊಂಡ ಮೀನುಗಳು, ಸಣ್ಣವು ದೊಡ್ಡವು, ಕೆಸರಿನಲ್ಲಿ ಒಂದರ ಮೇಲೊಂದು ಕೊಳೆತು ಬಿದ್ದಿದ್ದವು. ಮೇಲೆ ಬಿಳಿಯ ಹುಳು ಅಕ್ಕಿ ಕುದಿಯುವಂತೆ ಮಿಜಿಗುಟ್ಟುತ್ತಿತ್ತು. ಬದುವಿನ ಮೇಲೆ ರಾಶಿ ಹಾಕಿದ್ದ ಕೊಟ್ಟಿಗೆ ಗೊಬ್ಬರದ ವಾಸನೆಯಲ್ಲಿ ಇದು ಯಾರಿಗೂ ಬೇರೆಯಾಗಿ ತಿಳಿದಿರಲಿಲ್ಲ.

“ತಿಂತದೆ, ತಿಂತದೆ!” ಎಂದು ಯಜಮಾನಿ ಕಿರುಚಿದರು. ಮೈದುನ ಯೋಚಿಸಲಿಲ್ಲ. ಪಂಚೆ ಎತ್ತಿಕಟ್ಟಿ, ರಬ್ಬರ್ ಚಪ್ಪಲಿಯಲ್ಲೇ ಆ ಗುಂಡಿಗೆ ಹಾರಿ, ಕೋಳಿಗೂ ಮೀನಿಗೂ ನಡುವೆ ಕೈ ಚಾಚಿ ನಿಂತ. ಮೊಣಕಾಲಿನವರೆಗೆ ಕೊಳೆತ ಮೀನು. ಯಜಮಾನಿ ಸೆರಗು ಬೀಸಿ ಆರೂ ಕೋಳಿಗಳನ್ನು ಬೇಲಿಯ ಈಚೆ ಹೊಡೆದರು. ಒಂದು ಕೋಳಿಯೂ ಹುಳು ಮುಟ್ಟಿರಲಿಲ್ಲ.

ನಾನು ಸಿರಿಂಜಿನ ಡಬ್ಬಿ ಖಾಲಿ ಮಾಡಿ ಹುಳು ತುಂಬಿದೆ. ಬೆಳಿಗ್ಗೆ ಚೀಲಕ್ಕೆ ಹಾಕಿಕೊಂಡು ಬಂದಿದ್ದ ಸೋಮವಾರದ ಡಬ್ಬಿ ತೆಗೆದು, ಎರಡನ್ನೂ ಅಂಗೈ ಮೇಲೆ ಪಕ್ಕಪಕ್ಕ ಇಟ್ಟೆ. ಅದೇ ಗಾತ್ರ, ಅದೇ ಬಣ್ಣ. ಯಜಮಾನಿ ಬಗ್ಗಿ ನೋಡಿದರು, ಮೈದುನ ಗುಂಡಿಯೊಳಗಿಂದಲೇ ಕತ್ತು ಚಾಚಿದ.

“ಅಕ್ಕ, ಚುಕ್ಕಿ ಯಾವಾಗ್ಲೂ ಮುಂದೆ ಹೋಗ್ತಿತ್ತಲ್ವಾ?”

“ಊಂ. ಅದು ತಿಂದ್ಮೇಕೇ ಮಿಕ್ದವು.”

“ಅದಕ್ಕೇ ಮೊದಲು ಹೋಯ್ತು.”

ಯಜಮಾನಿ ಗುಂಡಿಯೊಳಗೆ ನಿಂತಿದ್ದ ಮೈದುನನ ಕಡೆ ಕೈ ನೀಡಿದರು. “ಅತ್ತು ಮ್ಯಾಕೆ. ನಾರ್ತಾ ಇದೀಯ.”

ಸಂಜೆಗೆ ಮುಂಚೆಯೇ ಬಸ್ ನಿಲ್ದಾಣದ ಹೆಂಗಸರೆಲ್ಲ ಗುದ್ದಲಿ, ಬಾಂಡ್ಲಿ ಹಿಡಿದು ಕಾಲುವೆಗೆ ಇಳಿದಿದ್ದರು. ಮೀನನ್ನೆಲ್ಲ ಆಳದ ಗುಣಿಗೆ ಹಾಕಿ, ಸುಣ್ಣ ಸುರಿದು ಮುಚ್ಚಿದೆವು. ತೂಬಿನ ಕೆಳಗೆ ಕಲ್ಲು ತುಂಬಿಸಿದೆವು. ಮೇಲಕ್ಕೂ ಕೆಳಕ್ಕೂ ಒಂದೊಂದು ಮೈಲಿ ನಡೆದಾಗ ಅಂಥವೇ ಇನ್ನೆರಡು ಗುಂಡಿ ಸಿಕ್ಕವು. ಮದ್ದೂರಿಗೆ ಫೋನು ಮಾಡಿದೆ. “ಖಚಿತವಾ?” ಎಂದರು. “ಪ್ರಯೋಗಾಲಯ ಹೇಳೋವರೆಗೆ ಖಚಿತ ಅನ್ನಲ್ಲ ಸರ್. ಆದರೆ ಗುಂಡಿ ಮುಚ್ಚಿದೀವಿ. ನಾನು ಹೇಳ್ತಿರೋದು ನಿಜವಾದ್ರೆ ನಾಡಿದ್ದರಿಂದ ಹೊಸ ಕೋಳಿ ಬೀಳಬಾರದು.”

ಬಿದ್ದಿದ್ದ ನಾಲ್ಕರಲ್ಲಿ ಒಂದು ಆ ಸಂಜೆಯೇ ಸತ್ತಿತು. ಕತ್ತು ಪೂರ್ತಿ ನೆಲಕ್ಕೆ ಬಿದ್ದಿದ್ದ ಕೋಳಿ ಅದು. ಉಸಿರಾಡುವ ಶಕ್ತಿಯೇ ಹೋಗಿತ್ತು. ಮಿಕ್ಕ ಮೂರಕ್ಕೆ ನೆರಳಿನಲ್ಲಿ ಗೋಣಿಚೀಲದ ಹಾಸಿಗೆ, ಮೂರು ಗಂಟೆಗೊಮ್ಮೆ ಕೊಳವೆಯಲ್ಲಿ ನೀರು, ತಲೆ ಎತ್ತರಕ್ಕಿರಲು ಬಟ್ಟೆಯ ಸಿಂಬಿ. ನಾನು ಕಲಿಸಿಕೊಟ್ಟ ಮೇಲೆ ಯಜಮಾನಿಯೇ ಕೊಳವೆ ಹಾಕಿದರು. ಗುರುವಾರ ಬೆಳಿಗ್ಗೆ ನಾನು ಹೋದಾಗ ಮೈದುನನ ಕೆಂಪು ಹೇಂಟೆ ಕತ್ತು ಎತ್ತಿತ್ತು. ನೆಟ್ಟಗೆ ಅಲ್ಲ, ಸ್ವಲ್ಪ ತೂಗಾಡುತ್ತಾ. ಆದರೂ ಎತ್ತಿತ್ತು. ಶುಕ್ರವಾರ ಕಾಲೂರಿ ನಿಂತು, ಎರಡು ಹೆಜ್ಜೆ ಹಾಕಿ, ಮುಗ್ಗರಿಸಿ, ಮತ್ತೆ ಎದ್ದಿತು. ಜಗುಲಿಯ ಮೇಲಿದ್ದವರೆಲ್ಲ ಹೋ ಎಂದು ಕೂಗಿದರು. ಪರೀಕ್ಷಕರು ಚಪ್ಪಾಳೆ ತಟ್ಟಿದ್ದನ್ನು ಮೊದಲ ಸಲ ಕಂಡೆ. ಭಾನುವಾರದ ಹೊತ್ತಿಗೆ ಮೂರೂ ಅಂಗಳದಲ್ಲಿದ್ದವು. ಬೀದಿಯಲ್ಲಿ ಇನ್ನೊಂದು ಕೋಳಿ ಬೀಳಲಿಲ್ಲ.

ಬೆಂಗಳೂರಿನಿಂದ ಉತ್ತರ ಬಂತು: ಹಕ್ಕಿಜ್ವರವಲ್ಲ, ಕೊಕ್ಕರೆ ರೋಗವೂ ಅಲ್ಲ. ಆಮೇಲೆ ಕಳಿಸಿದ ಹುಳುವಿನಲ್ಲಿದ್ದ ವಿಷವನ್ನು ಪರೀಕ್ಷಿಸುವ ಅನುಕೂಲ ಅಲ್ಲಿ ಇರಲಿಲ್ಲ. ಹಾಗಾಗಿ ನನ್ನ ವರದಿಯಲ್ಲಿ ‘ಲಕ್ಷಣ ಮತ್ತು ಸಂದರ್ಭದ ಆಧಾರದ ಮೇಲೆ’ ಎಂಬ ಮಾತು ಉಳಿಯಿತು. ಅದಕ್ಕೆ ನನಗೆ ಬೇಸರವಿಲ್ಲ. ಎದ್ದು ನಡೆದ ಮೂರು ಕೋಳಿಗಳು ಸಂದರ್ಭದೊಳಗೇ ಸೇರುತ್ತವೆ.

ಯಜಮಾನಿ ಚೀಟಿ ತೆಗೆದುಕೊಳ್ಳಲು ಬಂದರು. ಜೊತೆಗೆ ಮೈದುನನೂ ಇದ್ದ.

“ಈಗ್ಲಾದ್ರೂ ವಿಸ ಅಂತ ಬರ್ದಿದೀರಾ?”

“ಬರೆದಿದೀನಿ ಅಕ್ಕ. ವಿಷವೇ. ಆದ್ರೆ ಯಾರೂ ಹಾಕಿದ್ದಲ್ಲ.”

“ಅದ್ನ ವಸಿ ಜೋರಾಗಿ ಓದಿ. ಇವ್ನು ಕೇಳ್ಲಿ. ಆಮೇಕೆ ಊರಲ್ಲೂ ಒಂದ್ಸಲ ಓದ್ಬೇಕು, ನಾನು ಅವತ್ತು ಬೋದಿದ್ದು ಊರಿಗೆಲ್ಲ ಕೇಳದೆ.”

ಅದರಂತೆ ಹಾಲಿನ ಡೈರಿಯ ಮುಂದೆ, ಹಾಲು ಹಾಕಲು ಬಂದವರೆಲ್ಲ ಸೇರಿದ್ದಾಗ, ಒಂದು ಕೋಳಿಯ ಶವಪರೀಕ್ಷಾ ವರದಿಯನ್ನು ಗಟ್ಟಿಯಾಗಿ ಓದಿದೆ. ನನ್ನ ಕೆಲಸದಲ್ಲಿ ಮತ್ತೆಂದೂ ಅಂಥದ್ದು ಬಂದಿಲ್ಲ. ಓದಿ ಮುಗಿಸಿದಾಗ ಯಾರೋ ಮೈದುನನ ಬೆನ್ನಿಗೆ ಗುದ್ದಿ, “ನಾಳೆ ಒಂದು ಕಟ್ಟು ಕೊತ್ತಂಬ್ರಿ ಮಡಗ್ಲಾ” ಎಂದರು. ಅವನು ಕತ್ತು ಬಗ್ಗಿಸಿ ಕಣ್ಣೊರೆಸಿಕೊಂಡ.

ಮುಂದಿನ ಸಲ ನಾಲೆಯ ನೀರು ನಿಂತಾಗ ನಾನು ಊರೂರಿಗೆ ಹೋಗಿ ಮೀನಿನ ಗುಂಡಿಗಳ ವಿಚಾರ ಹೇಳಬೇಕೆಂದು ಪಟ್ಟಿ ಮಾಡಿಕೊಂಡಿದ್ದೆ. ನೀರು ನಿಂತ ಮೇಲೆ, ಪಟ್ಟಿಯ ಮೊದಲ ಊರಿಗೆ ಹೊರಡುವ ಮುಂಚೆಯೇ ಫೋನು ಬಂತು. ಗುರುತಿಲ್ಲದ ಹೆಣ್ಣು ದನಿ.

“ಕೊತ್ತತ್ತಿ ಕಡೆಯಿಂದ ಮಾತಾಡ್ತಿರೋದು ಮೇಡಂ. ನಿಮ್ಮೂರ್ಕಡೆ ಒಬ್ರು ನಮ್ ಸಂಗದ ಮೀಟಿಂಗ್ಗೆ ಬಂದು ಮೀನಿನ ಗುಂಡಿ ಇಚಾರ ಏಳಿದ್ರು. ನಾಕ್ ದಿನದಿಂದೆ ನಮ್ದೊಂದು ಯಾಟೆ ಕತ್ತು ಬುಡ್ತು.”

ನಾನು ಚೀಲಕ್ಕೆ ಕೈ ಹಾಕಿದೆ. “ಯಾವ ಬೀದಿ ಹೇಳಿ, ಬರ್ತೀನಿ.”

“ಅಯ್ಯೋ, ನೀವು ಬರೋದ್ಬ್ಯಾಡ. ಕೋಳಿ ಇಂದೆ ಓದೊ, ಗುಂಡಿ ಸಿಕ್ತು, ಮುಚ್ಚಿದ್ದೂ ಆಯ್ತು. ಬೆಲ್ಲದ ನೀರು ಕುಡ್ಸಿದೀವಿ, ಈಗ ಎದ್ದು ಓಡಾಡ್ತದೆ. ಸುಮ್ಕೆ ನಿಮ್ಗೊಂದು ಮಾತು ಏಳ್ಮ ಅಂತ ಮಾಡ್ದೆ.”